ಆಟದ ಯಂತ್ರದ ಅಂಕೆ

ವಸ್ತುವಿಗೊಂದು ಅಂಕೆ ಇರುವುದೂ ಅದನ್ನು ಮನೆಯವರು ಬರೆದಿಟ್ಟುಕೊಳ್ಳುವುದೂ ನಮ್ಮ ಕಡೆ ಹೊಸತಲ್ಲ. ನನ್ನ ಬಾಲ್ಯದಲ್ಲಿ ಸೊಕ್ಕೆಯಲ್ಲಿ ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ನಮ್ಮ ತಂದೆಯವರ ಸೈಕಲ್ಲಿನ ನಂಬರು ಲೆಕ್ಕದ ಪುಸ್ತಕದ ಕಡೆಯ ಹಾಳೆಯಲ್ಲಿರುತ್ತಿತ್ತು. ಈಗ ಮನೆಗೆ ಸಾವಿರಾರು ರೂಪಾಯಿಗಳ ಯಂತ್ರಗಳು ಬರುತ್ತವೆ. ಅವುಗಳ ಅಂಕೆಯನ್ನು ನೋಡುವವರು ವಿರಳ.

ನನ್ನ ಮೊಮ್ಮಗನು ಹಬ್ಬಗಳಲ್ಲಿ ಹಿರಿಯರು ಕೊಟ್ಟ ಹಣವನ್ನು ಎರಡು ವರ್ಷ ಕೂಡಿಟ್ಟು, ಪೇಟೆಯ ಅಂಗಡಿಯೊಂದರಿಂದ ಬಳಸಿದ ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರವನ್ನು ತಂದನು. ಕೈಯಲ್ಲಿ ಹಿಡಿದು ಆಡುವಂಥದು. 2017ರಲ್ಲಿ ಬಂದ ಮಾದರಿ. ‘ಇದು ಹೆಚ್ಚು ಹೊತ್ತು ಬ್ಯಾಟರಿ ನಿಲ್ಲುವ ಹೊಸ ಬಗೆ’ ಎಂದು ಅಂಗಡಿಯವರು ನಂಬಿಸಿ, ಅದಕ್ಕೆ ತಕ್ಕ ಬೆಲೆಯನ್ನೇ ಪಡೆದಿದ್ದರು. ಮೂರು ದಿನಗಳೊಳಗೆ ಹಿಂದಿರುಗಿಸಬಹುದೆಂಬ ಮಾತಾಗಿತ್ತು.

“ಅಜ್ಜ, ನಿಮ್ಮ ಭೂತಗನ್ನಡಿ ಕೊಡ್ರಿ. ನಂಬರ್ ಓದ್ಬೇಕು” ಎಂದು ಹುಡುಗ ಬಂದನು.

ಚಾರ್ಜರಿನ ತಂತಿ ಸೇರಿಸುವ ಅಡಿಯಂಚಿನಲ್ಲಿ ಆ ಅಂಕೆ ಇರುತ್ತದೆ. ಸಾಸಿವೆಯಷ್ಟು ಸಣ್ಣ ಅಕ್ಷರ! ಮೊದಲು ಮೂರು ಇಂಗ್ಲಿಷ್ ಅಕ್ಷರಗಳು, ಬಳಿಕ ಅಂಕೆಗಳ ಸಾಲು. ಅದೇ ಸಂಖ್ಯೆ ಡಬ್ಬಿಯ ಹೊರಗೂ ಇರಬೇಕು. ಯಂತ್ರದೊಳಗೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಎಂಬಲ್ಲಿಗೆ ಹೋಗಿ ಸೀರಿಯಲ್ ಇನ್ಫರ್ಮೇಷನ್ ತೆರೆದರೆ ಪರದೆಯ ಮೇಲೂ ಕಾಣಬೇಕು.

ಮಠದಲ್ಲಿ ಓದುವಾಗ, ತಾಳೆಗರಿಯ ಕಟ್ಟನ್ನು ಬಿಚ್ಚಿದೊಡನೆ ಗರಿಗಳ ಅಂಚಿನ ಅಂಕೆಗಳನ್ನು ಎಣಿಸುವುದನ್ನೇ ಗುರುಗಳು ಮೊದಲು ಕಲಿಸಿದ್ದರು. ಅಂಕೆ ತಪ್ಪಿತೆಂದರೆ ಗರಿ ಕಳೆದಿದೆ, ಇಲ್ಲವೇ ಬೇರೆ ಕಟ್ಟಿನದೊಂದು ಬಂದು ಸೇರಿದೆ. ಗ್ರಂಥದ ಹೆಸರು ಎಷ್ಟೇ ದೊಡ್ಡದಿರಲಿ, ಎಣಿಕೆ ಮುಗಿಯುವವರೆಗೆ ಓದುವಂತಿರಲಿಲ್ಲ. ಆ ಅಭ್ಯಾಸದಿಂದಲೇ ಮೂರನ್ನೂ ತಾಳೆ ನೋಡಿದೆವು. ಅಡಿಯಂಚೂ ಪರದೆಯೂ ಒಂದೇ ಹೇಳಿದವು: ಎಕ್ಸ್, ಎ, ಡಬ್ಲ್ಯು. ಡಬ್ಬಿ ಮಾತ್ರ ಎಕ್ಸ್, ಕೆ, ಡಬ್ಲ್ಯು ಎಂದಿತು.

ವ್ಯತ್ಯಾಸ ಒಂದಕ್ಷರದ್ದಾದರೂ ಅರ್ಥ ದೊಡ್ಡದು. 2019ರ ಆಗಸ್ಟ್ ನಡುವಿನಿಂದ ಬಂದ, ಸುಮಾರು ನಾಲ್ಕೂವರೆಯಿಂದ ಒಂಬತ್ತು ಗಂಟೆ ನಡೆಯುವ ಬಗೆಗೆ ಎಕ್ಸ್-ಕೆ-ಡಬ್ಲ್ಯು. ಮೊದಲಿನದು ಎರಡೂವರೆಯಿಂದ ಆರೂವರೆ ಗಂಟೆಯದು. ಹಳೆಯ ಯಂತ್ರವನ್ನು ಹೊಸದರ ಡಬ್ಬಿಯಲ್ಲಿಟ್ಟು ಮಾರಿದ್ದರು.

ಮೂರೂ ಅಂಕೆ ಒಪ್ಪಿದರೂ ಯಂತ್ರ ಕದ್ದದ್ದಲ್ಲವೆಂದು ಹೇಳಲಾಗದು. ಕಳೆದ ಮೊಬೈಲನ್ನು ಅದರ ಹದಿನೈದಂಕಿಯ ಐಎಂಇಐ ಸಂಖ್ಯೆಯಿಂದ ತಡೆಹಿಡಿಸಲು ಸರ್ಕಾರದ ಸಂಚಾರ್ ಸಾಥಿ ವ್ಯವಸ್ಥೆ 2023ರಲ್ಲಿ ಬಂದಿತು. ಸಿಮ್ ಇಲ್ಲದ ಈ ಆಟದ ಯಂತ್ರಕ್ಕೆ ಆ ಸಂಖ್ಯೆಯೇ ಇಲ್ಲ. ಆದುದರಿಂದ ಮೊದಲ ಒಡೆಯನ ಬಿಲ್ಲನ್ನು ಕೇಳುವುದು ಅಗತ್ಯ.

ಮರುದಿನ ಹುಡುಗನೊಡನೆ ನಾನೂ ಹೋದೆನು. “ಡಬ್ಬಿ ಯಾವುದಾದ್ರೇನ್ರಿ, ಆಟ ಆಡುತ್ತಲ್ಲ” ಎಂದರು ಅಂಗಡಿಯವರು. ಹುಡುಗ ದನಿಯೇರಿಸಲಿಲ್ಲ, ಎರಡು ಅಂಕೆಗಳನ್ನೂ ಬರೆದ ಚೀಟಿಯನ್ನು ಮುಂದಿಟ್ಟು ಸುಮ್ಮನೆ ನಿಂತನು. ಅರ್ಧ ಗಂಟೆಯ ಬಳಿಕ ಹಣ ಬಂದಿತು.

ತಿಂಗಳ ನಂತರ ಬೇರೊಬ್ಬರಲ್ಲಿ ಯಂತ್ರ ಕೊಂಡಾಗ ಅವನು ಅಡಿಯಂಚನ್ನು ಓದಿ, ಬಿಲ್ಲಿನಲ್ಲಿ ಅದೇ ಅಂಕೆಯನ್ನು ಬರೆಸಿಕೊಂಡೇ ದುಡ್ಡು ಎಣಿಸಿಕೊಟ್ಟನಂತೆ.