ಸರೋವರದ ಊರು, ಬೆಟ್ಟದ ಸೊಪ್ಪು

ಗ್ರೀಸ್ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ನೀಲಿ ಕಡಲು, ಸುಣ್ಣ ಬಳಿದ ಬಿಳಿ ಮನೆಗಳು. ಕ್ಯಾಲೆಂಡರ್‌ಗಳು ಕಲಿಸಿದ ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಯಾನಿನಾಕ್ಕೆ ಬಂದಿಳಿಯುವ ಪ್ರವಾಸಿಗೆ ಅಲ್ಲಿ ಕಡಲೇ ಸಿಗುವುದಿಲ್ಲ. ದೇಶದ ವಾಯವ್ಯ ಮೂಲೆಯಲ್ಲಿರುವ ಎಪಿರಸ್ ಪ್ರಾಂತ್ಯದ ಈ ಮುಖ್ಯ ಪಟ್ಟಣ, ಸಮುದ್ರ ಮಟ್ಟದಿಂದ ಸುಮಾರು 480 ಮೀಟರ್ ಎತ್ತರದಲ್ಲಿ, ಪಿಂಡಸ್ ಪರ್ವತಗಳ ಮಡಿಲಲ್ಲಿ, ಪಾಮ್ವೋಟಿಸ್ ಸರೋವರದ ದಂಡೆಗೆ ಒರಗಿಕೊಂಡಿದೆ.

ಸರೋವರದ ಅಂಚಿನಲ್ಲೇ ಹಳೆಯ ಕೋಟೆ. ಅದರೊಳಗೆ 17ನೇ ಶತಮಾನದ ಅಸ್ಲಾನ್ ಪಾಷಾ ಮಸೀದಿ. ಈಗ ಅದು ವಸ್ತುಸಂಗ್ರಹಾಲಯ. 1788ರಿಂದ ಅಲಿ ಪಾಷಾ ಎಂಬಾತ ಒಟ್ಟೊಮನ್ ಸುಲ್ತಾನರ ಹೆಸರಿನಲ್ಲಿ, ಆದರೆ ತನ್ನದೇ ಮರ್ಜಿಯಂತೆ ಇಲ್ಲಿಂದ ಆಳಿದ. 1809ರಲ್ಲಿ ಆಂಗ್ಲ ಕವಿ ಬೈರನ್ ಈ ಊರಿಗೆ ಬಂದಿದ್ದ. 1822ರಲ್ಲಿ ಸುಲ್ತಾನನ ಸೈನಿಕರ ಕೈಯಲ್ಲಿ ಅಲಿ ಪಾಷಾ ಹತನಾದದ್ದು ಸರೋವರದ ನಡುಗಡ್ಡೆಯ ಒಂದು ಮಠದಲ್ಲಿ. ದೋಣಿಯಲ್ಲಿ ಹೋದರೆ ಇಂದಿಗೂ ಆ ಜಾಗವನ್ನು ನೋಡಬಹುದು. ಊರು ಗ್ರೀಸ್ ದೇಶಕ್ಕೆ ಸೇರಿದ್ದು 1913ರಲ್ಲಿ.

ಇತಿಹಾಸವನ್ನು ಬದಿಗಿಟ್ಟು ಅಂಗಡಿಬೀದಿಗೆ ಬಂದರೆ ಬೆಳ್ಳಿ ಕೆಲಸದವರ ಮಳಿಗೆಗಳ ಜೊತೆಗೆ ಇನ್ನೊಂದು ಸರಕು ಮೂಗನ್ನು ಸೆಳೆಯುತ್ತದೆ. ಬೇಸಿಗೆಯಲ್ಲಿ ಹೂ ಬಿಟ್ಟಾಗ ಕೊಯ್ದು, ಕಟ್ಟು ಕಟ್ಟಿ, ತಲೆಕೆಳಗಾಗಿ ತೂಗುಹಾಕಿ ಒಣಗಿಸಿದ ಬೆಟ್ಟದ ಸೊಪ್ಪು ಅದು. ಗ್ರೀಕರು ಅದನ್ನು ರಿಗಾನಿ ಎನ್ನುತ್ತಾರೆ. ನಮ್ಮ ಊರುಗಳಲ್ಲಿ ಪಿಟ್ಜಾ ಜೊತೆ ಪುಟ್ಟ ಪೊಟ್ಟಣದಲ್ಲಿ ಬರುವ ಓರೆಗಾನೊ ಇದೇ. ಎಲೆಯನ್ನು ಬೆರಳಲ್ಲಿ ಹೊಸಕಿದರೆ ಕನ್ನಡಿಗನಿಗೆ ತಟ್ಟನೆ ನೆನಪಾಗುವುದು ಹಿತ್ತಲಿನ ದೊಡ್ಡಪತ್ರೆ. ಈ ನೆನಪಿಗೆ ಕಾರಣವೂ ಇದೆ. ಓರೆಗಾನೊದ ಘಾಟಿಗೆ ಕಾರಣವಾದ ಕಾರ್ವಕ್ರಾಲ್ ಎಂಬ ರಾಸಾಯನಿಕ ದೊಡ್ಡಪತ್ರೆಯಲ್ಲೂ ಇದೆ; ಅದರ ಸೋದರನಂತಿರುವ ಥೈಮಾಲ್ ನಮ್ಮ ಓಮಕಾಳಿನಲ್ಲಿದೆ.

ಈ ಸೊಪ್ಪಿಗೂ ಕೋಳಿಮಾಂಸಕ್ಕೂ ಏನು ಸಂಬಂಧ? ಅದನ್ನು ತಿಳಿಯಲು ಎಪಿರಸ್‌ನ ಬದುಕನ್ನು ನೋಡಬೇಕು. ಕಲ್ಲುಬೆಟ್ಟಗಳ ಈ ಸೀಮೆಯಲ್ಲಿ ಉತ್ತು ಬಿತ್ತುವ ನೆಲ ಕಡಿಮೆ. ಕೋಳಿ ಸಾಕಣೆ ಇಲ್ಲಿನ ಅನೇಕ ಮನೆಗಳ ಆಸರೆ. 1958ರಲ್ಲಿ ಕೋಳಿ ಸಾಕುವವರು ಕಟ್ಟಿಕೊಂಡ ‘ಪಿಂಡೋಸ್’ ಸಹಕಾರ ಸಂಘ ಇಲ್ಲಿಯದೇ. ಆದರೆ ಕೊಳ್ಳುವ ಜನ ತುಂಬಿರುವ ಅಥೆನ್ಸ್ ನಗರ 400 ಕಿಲೋಮೀಟರಿಗೂ ಹೆಚ್ಚು ದೂರ. ಎಪಿರಸ್‌ಗೆ ರೈಲು ಇಲ್ಲ. 2004ರಲ್ಲಿ ರಿಯೊ-ಆಂಟಿರಿಯೊ ಸೇತುವೆ ತೆರೆಯುವವರೆಗೆ ಅಥೆನ್ಸ್ ದಾರಿಯ ಲಾರಿಗಳು ನಡುವೆ ಹಡಗು ಹತ್ತಿ ಕೊಲ್ಲಿ ದಾಟಬೇಕಿತ್ತು. ತಾಜಾ ಕೋಳಿಯೋ, ಶೀತದಲ್ಲಿಟ್ಟರೂ ಕೆಲವೇ ದಿನ ಬಾಳುವ ಸರಕು. ಇಂಥ ಕಡೆ ಒಂದೊಂದು ದಿನಕ್ಕೂ ಬೆಲೆಯಿದೆ: ಮಾರಾಟವಾಗದೆ ಕೆಟ್ಟದ್ದು ಸಾಕಿದವನ ನಷ್ಟ, ಕೆಟ್ಟದ್ದನ್ನು ತಿಂದರೆ ಕೊಂಡವನ ಕಾಯಿಲೆ.

ಪಟ್ಟಣದಿಂದ ಕೆಲವು ಕಿಲೋಮೀಟರ್ ಆಚೆ ಯಾನಿನಾ ವಿಶ್ವವಿದ್ಯಾಲಯದ ಆವರಣವಿದೆ. 1964ರಲ್ಲಿ ಥೆಸಲೊನಿಕಿ ವಿಶ್ವವಿದ್ಯಾಲಯದ ಶಾಖೆಯಾಗಿ ಆರಂಭವಾಗಿ, 1970ರಲ್ಲಿ ಸ್ವತಂತ್ರವಾದ ಸಂಸ್ಥೆ. ಇಲ್ಲಿನ ರಸಾಯನಶಾಸ್ತ್ರ ವಿಭಾಗದ ಕೊಂಟೊಮಿನಾಸ್, ಸವ್ವಾಯ್ಡಿಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಬೆಟ್ಟದ ಸೊಪ್ಪನ್ನೂ ಕೋಳಿಯನ್ನೂ ಒಂದೇ ಮೇಜಿನ ಮೇಲೆ ತಂದಿತು. ಕೋಳಿಯ ಎದೆಮಾಂಸದ ತುಂಡುಗಳಿಗೆ ಓರೆಗಾನೊ ತೈಲವನ್ನು ಕೆಲವಕ್ಕೆ ಶೇ. 0.1ರಷ್ಟು, ಕೆಲವಕ್ಕೆ ಶೇ. 1ರಷ್ಟು ಬೆರೆಸಿದರು. ಪೊಟ್ಟಣದೊಳಗಿನ ಗಾಳಿಯನ್ನು ತೆಗೆದು, ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕದ ಮಿಶ್ರಣವನ್ನು ತುಂಬಿ ಮುಚ್ಚಿದರು. ಎಲ್ಲವನ್ನೂ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು 25 ದಿನಗಳ ಕಾಲ ಪರೀಕ್ಷಿಸಿದರು.

ಇದರ ಹಿಂದಿನ ತರ್ಕ ಸರಳ. ಶೀತದಲ್ಲಿಟ್ಟ ಮಾಂಸವನ್ನು ಕೆಡಿಸುವುದರಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಗಳದ್ದೇ ಮುಂದಾಳತ್ವ. ಅವಕ್ಕೆ ಆಮ್ಲಜನಕ ಬೇಕು. ಅದನ್ನು ತೆಗೆದು ಇಂಗಾಲದ ಡೈಆಕ್ಸೈಡ್ ತುಂಬಿದರೆ, ಅದು ಮಾಂಸದ ನೀರು, ಕೊಬ್ಬಿನಲ್ಲಿ ಕರಗಿ ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ. ಹೀಗೆ ಅನಿಲ ಕರಗಿದಾಗ ಪೊಟ್ಟಣ ಕುಗ್ಗದಂತೆ ಸಾರಜನಕ ನೋಡಿಕೊಳ್ಳುತ್ತದೆ. ಇತ್ತ ಕಾರ್ವಕ್ರಾಲ್ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಸಡಿಲಗೊಳಿಸುತ್ತದೆ. ತೂತುಬಿದ್ದ ಮಡಕೆಯಂತೆ ಜೀವಕೋಶದ ಒಳಗಿನದು ಸೋರುತ್ತದೆ.

ಫಲಿತಾಂಶ ಹೇಗಿತ್ತು? ವಾಸನೆ, ರುಚಿಯ ಪರೀಕ್ಷೆಯ ಪ್ರಕಾರ ಶೇ. 0.1ರ ತೈಲವೊಂದರಿಂದಲೇ ಮಾಂಸದ ಬಾಳಿಕೆ 3-4 ದಿನ ಹೆಚ್ಚಿತು. ಅನಿಲದ ಪೊಟ್ಟಣವೊಂದರಿಂದಲೇ 2-3 ದಿನ. ಎರಡೂ ಕೂಡಿದಾಗ 5-6 ದಿನ. ಹಾಗಾದರೆ ತೈಲವನ್ನು ಹತ್ತು ಪಟ್ಟು ಹಾಕಿದ್ದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವ ಜಾಣ ವಿದ್ಯಾರ್ಥಿಗೆ ಉತ್ತರ ಅಲ್ಲೇ ಇದೆ. ಶೇ. 1ರಷ್ಟು ತೈಲ ಸೇರಿದ ಮಾಂಸದ ರುಚಿ ಎಷ್ಟು ಘಾಟಾಗಿತ್ತೆಂದರೆ, ಅದಕ್ಕೆ ಅಂಕವನ್ನೇ ಕೊಡಲಿಲ್ಲ. ಬ್ಯಾಕ್ಟೀರಿಯಾ ಸೋತರೂ ನಾಲಿಗೆ ಒಪ್ಪದಿದ್ದರೆ ಅದು ಆಹಾರವಾಗುವುದಿಲ್ಲ.

ತಂದೆತಾಯಿಯರು ಗಮನಿಸಬೇಕಾದ ಮಾತೊಂದಿದೆ. ಇದನ್ನು ಓದಿ ಮನೆಯಲ್ಲಿ ಕೋಳಿಗೆ ಸೊಪ್ಪಿನ ರಸ ಸವರಿ ಹೊರಗಿಟ್ಟರೆ ಅಪಾಯ ತಪ್ಪದು. ಆ ಪ್ರಯೋಗದ ಆಧಾರ 4 ಡಿಗ್ರಿಯ ಶೀತ. ತೈಲವೂ ಅನಿಲವೂ ಅದಕ್ಕೆ ಸಹಾಯಕರು ಮಾತ್ರ. ಆಮ್ಲಜನಕವಿಲ್ಲದ ಕಡೆಯೇ ಬೆಳೆಯುವ ಬಾಟುಲಿನಮ್‌ನಂಥ ವಿಷಕಾರಿ ಬ್ಯಾಕ್ಟೀರಿಯಾಗಳೂ ಇವೆ. ಸಾಲ್ಮೊನೆಲ್ಲಾ ಇರುವ ಮಾಂಸ ನಾರಬೇಕೆಂದಿಲ್ಲ. ಮೂಗನ್ನು ನಂಬಿ ಕೂರುವಂತಿಲ್ಲ. ಕೋಳಿಯನ್ನು ತಂದ ಕೂಡಲೇ ಫ್ರಿಜ್‌ನಲ್ಲಿಡುವುದು, ಒಂದೆರಡು ದಿನದೊಳಗೆ ಅಡುಗೆ ಮಾಡುವುದು, ಚೆನ್ನಾಗಿ ಬೇಯಿಸುವುದು: ಮನೆಯ ಮಟ್ಟಿಗೆ ಇದಕ್ಕಿಂತ ದೊಡ್ಡ ರಕ್ಷೆ ಬೇರಿಲ್ಲ.

ಯಾನಿನಾದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಡೊಡೊನಾ ಎಂಬ ಪ್ರಾಚೀನ ಕ್ಷೇತ್ರವಿದೆ. ಅಲ್ಲಿನ ಪವಿತ್ರ ಓಕ್ ಮರದ ಎಲೆಗಳ ಮರ್ಮರವನ್ನು ಆಲಿಸಿ ಅರ್ಚಕರು ಸ್ಯೂಸ್ ದೇವರ ಮಾತನ್ನು ಹೇಳುತ್ತಿದ್ದರಂತೆ. ಊರಿಗೆ ಮರಳುವ ದಾರಿಯಲ್ಲಿ ಬೇಸಿಗೆಯಾದರೆ ಇಳಿಜಾರುಗಳಿಂದ ರಿಗಾನಿಯ ಘಮ ತೇಲಿ ಬರುತ್ತದೆ. ಬೆಟ್ಟದವರು ತಲೆಮಾರುಗಳಿಂದ ಅಡುಗೆಗೆ ಉದುರಿಸುತ್ತ ಬಂದ ಈ ಸೊಪ್ಪನ್ನು, ಅದೇ ಬೆಟ್ಟದ ಬುಡದ ವಿಶ್ವವಿದ್ಯಾಲಯವೊಂದು ತೂಗಿ, ಅಳೆದು, ದಿನ ಎಣಿಸಿ ನೋಡಿತು. ನಮ್ಮ ಹಿತ್ತಲಿನ ದೊಡ್ಡಪತ್ರೆಯ ಎಲೆಯೊಂದನ್ನು ಹೊಸಕಿ ಮೂಸುವ ಹುಡುಗ ಹುಡುಗಿಯರಿಗೂ ಇಂಥ ಪ್ರಶ್ನೆಯೊಂದು ಹೊಳೆಯಬಾರದೇಕೆ?