ಮಟ್ಟದ ಅಂಗಳದ ಕಾರು

ಪುಷ್ಯ ಮಳೆ ಹಿಡಿದು ಹೊಯ್ಯುತ್ತಿತ್ತು. ಕಾರಿನ ಕೀಲಿ ತಿರುಗಿಸಿದರೆ ಬಾನೆಟ್ಟಿನೊಳಗಿಂದ ಬಂದದ್ದು ಬರೀ ‘ಟಕ್ ಟಕ್’. ಡ್ಯಾಷ್‌ಬೋರ್ಡಿನ ದೀಪಗಳು ಮಿಣುಕಿ ಮಂಕಾದವು. ಬ್ಯಾಟರಿ ಕೈಕೊಟ್ಟದ್ದಕ್ಕೆ ಅಷ್ಟೇನೂ ಸಿಟ್ಟು ಬರಲಿಲ್ಲ. ಬಂದದ್ದು ಕೊಡೆ ಹಿಡಿದು ನಿಂತಿದ್ದ ತೋಟದ ರೈಟರ ಮಾತಿಗೆ. “ಜೀಪಾಗಿದ್ರೆ ಇಳಿಜಾರಿಗೆ ಬಿಟ್ಟು ಸೆಕೆಂಡ್ ಗೇರಿಗೆ ಹಾಕ್ಬೋದಿತ್ತು ಸಾರ್.” ಜೀಪು ಮಾರಿಯಾಗಿದೆ. ಮಗ ಕೊಂಡುಕೊಟ್ಟದ್ದು ಆಟೋಮ್ಯಾಟಿಕ್ ಕಾರು, ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ಅದಕ್ಕೆ ಕ್ಲಚ್ ಪೆಡಲೇ ಇಲ್ಲ. ಇಳಿಜಾರೂ ಇಲ್ಲ, ಜೆಸಿಬಿ ತರಿಸಿ, ಅಂಗಳ ಮಟ್ಟ ಮಾಡಿಸಿ, ಇಂಟರ್‌ಲಾಕ್ ಹಾಸಿಸಿದವನೂ ಅವನೇ.

ಬ್ಯಾಟರಿ ಯಾಕೆ ಸಾಯುತ್ತದೆಂಬುದು ಗೊತ್ತಿರುವ ಸಂಗತಿಯೇ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಎಂದು ನಾಲ್ಕು ಮೈಲಿ ಓಡಿಸಿದರೆ, ಸ್ಟಾರ್ಟ್ ಮಾಡಲು ಖರ್ಚಾದ ಕರೆಂಟನ್ನು ಆಲ್ಟರ್ನೇಟರ್ ತುಂಬಿಕೊಡುವ ಮೊದಲೇ ಗಾಡಿ ಆಫ್. ಮಳೆಗಾಲದಲ್ಲಿ ವೈಪರು, ಹೆಡ್‌ಲೈಟು, ಬ್ಲೋವರು ಬೇರೆ ಎಳೆಯುತ್ತಿರುತ್ತವೆ. ಅರೆಬರೆ ಚಾರ್ಜಿನಲ್ಲೇ ದಿನಗಟ್ಟಲೆ ನಿಂತರೆ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂತುಬಿಡುತ್ತದೆ. ಪಾಠ ಸಾಕು.

ನನ್ನ ತಕರಾರಿರುವುದು ಅಂಗಳದ ಮೇಲೆ. ಮಲೆನಾಡಿನಲ್ಲಿ ಸಮತಟ್ಟು ಬೇಕಿದ್ದುದು ಗದ್ದೆಗೆ, ಬಿಟ್ಟರೆ ಕಾಫಿ ಒಣಗಿಸುವ ಕಣಕ್ಕೆ. ಮಿಕ್ಕಿದ್ದೆಲ್ಲ ಒಂದೋ ಏರು, ಇಲ್ಲವೇ ಇಳಿತ. ಹಿಂದೆ ಜೀಪನ್ನು ಮೂತಿ ಕೆಳಗಾಗಿ ನಿಲ್ಲಿಸಿ, ಚಕ್ರಕ್ಕೊಂದು ಕಲ್ಲು ಕೊಡುತ್ತಿದ್ದರು. ಬೆಳಿಗ್ಗೆ ಕಲ್ಲು ಸರಿಸಿದರೆ ಸದ್ದಿಲ್ಲದೆ ಉರುಳಿ, ಗೇಟಿನ ಹತ್ತಿರ ಕ್ಲಚ್ ಬಿಟ್ಟಾಗ ಒಮ್ಮೆ ಜಗ್ಗಿ, ಕರಿಹೊಗೆ ಕಾರಿ, ಕೆಲಸದವರ ಲೈನುಮನೆಗಳನ್ನೆಲ್ಲ ಎಬ್ಬಿಸುತ್ತಿತ್ತು. ಹಳೆಯ ಡೀಸೆಲ್ ಜೀಪು ಒಮ್ಮೆ ಸ್ಟಾರ್ಟ್ ಆಯಿತೆಂದರೆ ಓಡಲು ಕರೆಂಟೇ ಬೇಡ. ಕಳಸದಿಂದ ಹೊರನಾಡಿಗೆ ಜನ ಹೇರಿಕೊಂಡು ಹೋಗುತ್ತಿದ್ದವುಗಳಲ್ಲಿ ಎಷ್ಟಕ್ಕೆ ನೆಟ್ಟಗಿನ ಬ್ಯಾಟರಿ ಇತ್ತೋ ಆ ಅನ್ನಪೂರ್ಣೇಶ್ವರಿಗೇ ಗೊತ್ತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗನ ಎಲೆಕ್ಟ್ರಿಕ್ ಸ್ಟಾರ್ಟರ್ ಬಂದ ಮೇಲೆ ಲೋಕವೆಲ್ಲ ಹ್ಯಾಂಡಲ್ ಹೊಡೆಯುವುದನ್ನು ಬಿಡುತ್ತ ಬಂತಂತೆ. ನಮಗೆ ಸ್ಟಾರ್ಟರನ್ನು ಗುಡ್ಡವೇ ಪುಕ್ಕಟೆ ಕೊಟ್ಟಿತ್ತು. ಆ ಗುಡ್ಡವನ್ನೇ ಜೆಸಿಬಿಗೆ ಗಂಟೆಗಿಷ್ಟು ಅಂತ ಬಾಡಿಗೆ ಕೊಟ್ಟು ಕಡಿಸಿ ಹಾಕಿದೆವು. ಕಡಿದ ದರೆ ಜಡಿಮಳೆಗೆ ಸುಮ್ಮನಿರುತ್ತದೆಯೇ? ಈಗ ಪ್ರತಿ ಆಷಾಢದಲ್ಲೂ ಅದಕ್ಕೆ ಟಾರ್ಪಾಲು ಹೊದೆಸುವ ಕೆಲಸ.

ಇಳಿತವನ್ನು ನಂಬಿದ್ದು ಜೀಪೊಂದೇ ಅಲ್ಲ. ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ಕಾಡೆಲ್ಲ ಅಲೆದು ಹುಡುಕುವ ಹಾರುವ ಓತಿ ಕೂಡ ಹೆಸರಿಗಷ್ಟೇ ಹಾರುವುದು. ಮರ ಹತ್ತಿ, ಪಕ್ಕೆಲುಬುಗಳನ್ನು ಚಾಚಿ ಪೊರೆ ಬಿಚ್ಚಿ, ಇನ್ನೊಂದು ಮರದ ಕೆಳಭಾಗಕ್ಕೆ ತೇಲಿ ಇಳಿಯುತ್ತದೆ. ಮತ್ತೆ ಹತ್ತುತ್ತದೆ. ನಮ್ಮ ಜೀಪಿನ ಪೂರ್ವಿಕ ಅದೇ ಇರಬೇಕು. ಓತಿ ಅಡಿಕೆ ತೋಟಗಳಲ್ಲಿ ಈಗಲೂ ಕಾಣಸಿಗುತ್ತದೆ. ಮಳೆ ಬಿಟ್ಟ ಮೇಲೆ ಕತ್ತೆತ್ತಿ ನೋಡುವಷ್ಟು ತಾಳ್ಮೆ ಬೇಕು.

ಕಾರಿನ ವಿಷಯಕ್ಕೆ ಬಂದರೆ, ಹೊಸ ಬ್ಯಾಟರಿಗೆ ಹೋದಾಗ ಅಂಗಡಿಯವನು ಆಂಪಿಯರ್ ಅವರ್, ಟರ್ಮಿನಲ್ ಎಡವೋ ಬಲವೋ ಎಂಬುದನ್ನೆಲ್ಲ ತಾನೇ ನೋಡಿಕೊಳ್ಳುತ್ತಾನೆ. ಅವನು ತಾನಾಗಿ ಹೇಳದಿರುವುದು ಬ್ಯಾಟರಿಯ ಮೈಮೇಲೆ ಅಚ್ಚೊತ್ತಿದ ತಯಾರಿಯ ತಿಂಗಳು. ಷೆಲ್ಫಿನ ಮೇಲೆ ಕೂತೇ ಮುದಿಯಾದದ್ದನ್ನು ತರಬೇಡಿ. ವಾರಂಟಿಯಲ್ಲಿ ಪೂರ್ತಿ ಬದಲಿಸಿಕೊಡುವ ತಿಂಗಳೆಷ್ಟು, ಬರೀ ರಿಯಾಯಿತಿ ಕೊಡುವ ತಿಂಗಳೆಷ್ಟು, ಬಿಡಿಸಿ ಕೇಳಿ. ಅದಕ್ಕೂ ಮೊದಲು ಎಂಜಿನ್ ಓಡುವಾಗ 14 ವೋಲ್ಟಿನ ಆಸುಪಾಸು ತೋರಿಸುತ್ತದೆಯೇ ಎಂದು ಮೀಟರಿಡಿಸಿ. ತೀರಾ ಕಡಿಮೆಯಿದ್ದರೆ ರೋಗ ಆಲ್ಟರ್ನೇಟರಿನದು, ಹೊಸ ಬ್ಯಾಟರಿಯೂ ಉಳಿಯುವುದಿಲ್ಲ. ಹಳೆಯದನ್ನು ಗುಜರಿಯವನಿಗೆ ಕೊಡಬೇಡಿ. ಒಡೆದು ಆಸಿಡ್ಡನ್ನು ಹಳ್ಳಕ್ಕೆ ಚೆಲ್ಲುವವರಿದ್ದಾರೆ. ಅಂಗಡಿಗೇ ಕೊಡಿ, ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ.