ಮುಂಚೆ ಎಂದರೆ ಎಲ್ಲಿ?

ಕಾಶಿಗೆ ಹೋಗಿಬಂದವರು ಗಂಗೆಯ ಬಗ್ಗೆ ಬರೆಯುವುದು ವಾಡಿಕೆ. ನಾನು ಅಲ್ಲಿಂದ ತಂದದ್ದು ಒಂದು ಪದದ ಗೊಂದಲ. ಅದನ್ನೇ ಗೆಳೆಯರ ಮುಂದೆ ಇಡುತ್ತಿದ್ದೇನೆ.

ಅಪ್ಪನ ಅಸ್ಥಿ ಬಿಡಲು ಅವ್ವನ ಜೊತೆ ಹೋಗಿದ್ದೆ. ಮೊದಲ ದಿನವೇ ಹಿಂದಿ ನನ್ನನ್ನು ಸತಾಯಿಸಿತು. ದೋಣಿಯವನು ಮಾತಿಗೊಮ್ಮೆ 'ಕಲ್' ಅಂತಾನೆ. ನಿನ್ನೆಗೂ ಅದೇ, ನಾಳೆಗೂ ಅದೇ. 'ಪರ್ಸೋ' ಅಂದರೆ ಮೊನ್ನೆಯೂ ಹೌದು, ನಾಡಿದ್ದೂ ಹೌದು. ಕ್ರಿಯಾಪದ ನೋಡಿ ತಿಳಿಯಬೇಕು. ನನ್ನ ಮುರುಕು ಹಿಂದಿಯಲ್ಲಿ ಕೈಕೊಡುತ್ತಿದ್ದದ್ದೇ ಆ ಕ್ರಿಯಾಪದ.

"ನಮ್ಮ ಕನ್ನಡದಲ್ಲಿ ಈ ರಗಳೆ ಇಲ್ಲ ಕಣವ್ವ. ಆಗಿದ್ದು ಹಿಂದೆ, ಆಗೋದು ಮುಂದೆ" ಎಂದು ಜಂಬ ಕೊಚ್ಚಿದೆ. ಅವ್ವ ಏನೂ ಅನ್ನಲಿಲ್ಲ. ಮಡಿಲಲ್ಲಿ ಗಡಿಗೆ ಇತ್ತು.

ಅಲ್ಲಿ ಹನುಮಾನ್ ಘಾಟ್ ಇದೆ. ಅದರ ಪಕ್ಕ ಪ್ರಾಚೀನ ಹನುಮಾನ್ ಘಾಟ್. ಅದಕ್ಕೆ ಹೊಂದಿಕೊಂಡೇ ಕರ್ನಾಟಕ ಘಾಟ್. 1973ರಲ್ಲಿ ರಾಜ್ಯದ ಹೆಸರು ಬದಲಾಗುವ ಮುಂಚೆ ಇದ್ದ ಹೆಸರಿನಿಂದ ಅದಕ್ಕೆ ಮೈಸೂರು ಘಾಟ್ ಅಂತಲೂ ಅನ್ನುತ್ತಾರೆ. ಮಾರನೆಯ ಬೆಳಿಗ್ಗೆ ಆ ಮೆಟ್ಟಿಲ ಮೇಲೆ ಪುರೋಹಿತರು ಮೂರು ತಲೆಯ ಹೆಸರು ಕೇಳಿದರು. ಅಪ್ಪನದು ಹೇಳಿದೆ. ತಾತನದು ಹೇಳಿದೆ. ಮುತ್ತಾತನದು? ಅವ್ವನ ಮುಖ ನೋಡಿದೆ. ಅವಳಿಗೂ ಗೊತ್ತಿರಲಿಲ್ಲ. ಹಳಗನ್ನಡ ಓದುವ ನನಗೆ ಹೊಯ್ಸಳ ರಾಜರ ವಂಶಾವಳಿ ಬಾಯಿಗೆ ಬರುತ್ತೆ. ನಮ್ಮ ಮನೆಯ ಮೂರನೇ ಹೆಸರು ಬರಲಿಲ್ಲ. ಪುರೋಹಿತರು ಮಂತ್ರ ಮುಂದುವರಿಸಿದರು. ನನಗೆ ಅವಮಾನವಾದಂತಾಯಿತು.

ಎಲ್ಲ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತೆವು. ಕಾಶಿಯಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ, ಘಾಟುಗಳೆಲ್ಲ ಪೂರ್ವಕ್ಕೆ ಮುಖ ಮಾಡಿವೆ. ಆಚೆ ದಡದ ಮರಳಿನ ಮೇಲೆ ಸೂರ್ಯ ಏರುತ್ತಿದ್ದ.

"ಹಿಂದಿನೋರ ಹೆಸರೇ ಗೊತ್ತಿಲ್ಲವಲ್ಲವ್ವ" ಅಂದೆ.

"ಹಿಂದಿನೋರು ಯಾಕಾದಾರು? ಅವರು ಮುಂದಾಗಿ ಹೋದೋರು. ಹಿಂದೆ ಇರೋರು ನಾವು. ಮುಂಗಾರು ಮೊದಲು ಬರುತ್ತೋ ಹಿಂಗಾರು ಮೊದಲು ಬರುತ್ತೋ?"

ನಾನು ಬಾಯಿಮುಚ್ಚಿದೆ. ಮುಂಗಾರೇ ಮೊದಲು. ಮುಂಚೆ, ಮುನ್ನ, ಮುಂಜಾನೆ, ಕೊನೆಗೆ ಮೊನ್ನೆಯಲ್ಲೂ ಇರುವುದು 'ಮುನ್', ಅಂದರೆ ಎದುರು. ಹೋದ ವರ್ಷವನ್ನು 'ಹಿಂದಿನ ವರ್ಷ' ಅನ್ನುವ ಕನ್ನಡವೇ ಹೋದ ಮಳೆಯನ್ನು 'ಮುಂಗಾರು' ಅನ್ನುತ್ತೆ. ನಮ್ಮನ್ನು ನಡುವೆ ನಿಲ್ಲಿಸಿ ನೋಡಿದರೆ ಕಳೆದದ್ದು ಬೆನ್ನಿಗೆ ಬೀಳುತ್ತದೆ. ಸಾಲಿನಲ್ಲಿ ನಿಲ್ಲಿಸಿ ನೋಡಿದರೆ ಮೊದಲು ಬಂದವನು ನಮ್ಮೆದುರಿಗೇ ಇರುತ್ತಾನೆ. ಹಿಂದಿನ ಸಂಜೆ ವಿಶ್ವನಾಥನ ಗುಡಿಯ ಸರದಿಯಲ್ಲಿ ನಮ್ಮೆದುರಿಗಿದ್ದ ಬೆನ್ನುಗಳ ಹಾಗೆ.

ಸಂಸ್ಕೃತದ್ದೂ ಇದೇ ಕಥೆ. 'ಪೂರ್ವ' ಅಂದರೆ ಎದುರಿನದು, ಮೂಡಣ, ಮೊದಲಿನದು. ಸೂರ್ಯನ ಕಡೆ ಮುಖ ಮಾಡಿ ನಿಂತು ದಿಕ್ಕಿಗೆ ಹೆಸರಿಟ್ಟವರು ಅವರು: ಬಲಗೈ ದಕ್ಷಿಣ, ಬೆನ್ನು ಪಶ್ಚಿಮ. 'ಪ್ರಾಚೀನ' ಹುಟ್ಟಿದ್ದೂ ಮೂಡಣವಾದ 'ಪ್ರಾಚೀ' ಹುಟ್ಟಿದ ಮೂಲದಿಂದಲೇ. ಕೇವಲ 'ಮಾಜಿ' ಮಾತ್ರ ಅರಬ್ಬಿಯಿಂದ ಬಂದದ್ದು. ಅದು ಅಧಿಕಾರ ಹೋದವರಿಗೆ ಸಾಕು. ಮಾಜಿ ಮಂತ್ರಿ ಅನ್ನಬಹುದು, ಮಾಜಿ ಅಪ್ಪ ಅನ್ನಲಾದೀತೇ?

ಅಪ್ಪ ಬೆನ್ನ ಹಿಂದೆ ಉಳಿದುಬಿಟ್ಟರು ಎಂದು ಮೂರು ವಾರದಿಂದ ಕೊರಗುತ್ತಿದ್ದೆ. ನೀರಿನ ಕಡೆ ನೋಡಿದೆ. ಅವರು ಹೋದದ್ದು ಎದುರಿಗೇ.

ಊರಿಗೆ ಬಂದವನೇ ಸೋದರತ್ತೆಯನ್ನು ಕೇಳಿದೆ. ಎಂಬತ್ತು ದಾಟಿದ ಆಕೆ ಒಂದು ಕ್ಷಣವೂ ತಡೆಯದೆ ಮುತ್ತಾತನ ಹೆಸರು ಹೇಳಿದಳು; "ಇಷ್ಟು ದಿನ ಯಾರೂ ಕೇಳಲಿಲ್ಲ ಕಣೋ" ಅಂದಳು. ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯಹೋದವನು ನಿಲ್ಲಿಸಿ, ಮೊದಲ ಹಾಳೆಯಲ್ಲಿ ಬರೆದೆ.

ಗೆಳೆಯರೇ, ನಿಮ್ಮ ಮನೆಯ ಮೂರನೇ ಹೆಸರು ನಿಮಗೆ ಗೊತ್ತೇ? ಈ ರಜೆಗೆ ಊರಿಗೆ ಹೋದಾಗ ಕೇಳಿ ಬನ್ನಿ.